ಶಾಲೆಗೆ ಬಂದ ಇಸಿಜಿ: ಜಪಾನಿನ ಐವತ್ತು ವರ್ಷಗಳ ಲೆಕ್ಕ

ಆಟದ ಮೈದಾನದಲ್ಲಿ ಓಡುತ್ತಿದ್ದ ವಿದ್ಯಾರ್ಥಿ ಕುಸಿದು ಬಿದ್ದು ಸತ್ತ ಸುದ್ದಿ ಬಂದಾಗಲೆಲ್ಲ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: ಶಾಲೆಯ ಎಲ್ಲ ಮಕ್ಕಳಿಗೂ ಇಸಿಜಿ ಮಾಡಿಸಬೇಕು. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ, ಮತ್ತೆ 2025ರ ಜೂನ್-ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಸಾವುಗಳು ಸುದ್ದಿಯಾದಾಗ, ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತದ್ದು ನಿಮಗೆ ನೆನಪಿರಬಹುದು. ಆ ಭಯ ಸಹಜವಾದದ್ದು. ಬೇಡಿಕೆಯ ಹಿಂದಿನ ವಾದವೂ ಸರಳ. ಯಂತ್ರ ದುಬಾರಿಯಲ್ಲ, ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಒಂದು ಮಗು ಉಳಿದರೂ ಸಾಕಲ್ಲವೇ?

ಈ ವಾದವನ್ನು ಒರೆಗೆ ಹಚ್ಚಲು ನಾವು ಊಹೆಯನ್ನು ನೆಚ್ಚಬೇಕಾಗಿಲ್ಲ. ಒಂದು ಇಡೀ ದೇಶ ಇದನ್ನು ಮಾಡುತ್ತ ಬಂದಿದೆ. ಜಪಾನಿನ ಶಾಲೆಗಳಲ್ಲಿ ಹೃದಯ ತಪಾಸಣೆ 1973ರಿಂದ ಕಾನೂನಿನ ಕಡ್ಡಾಯ. 1995ರಿಂದ ಒಂದನೆಯ, ಏಳನೆಯ ಮತ್ತು ಹತ್ತನೆಯ ತರಗತಿಗೆ ಸೇರುವ ಪ್ರತಿಯೊಂದು ಮಗುವಿಗೂ ಇಸಿಜಿ ಆಗಲೇಬೇಕು. ಹಾಗೆಂದರೆ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು. ಐವತ್ತು ವರ್ಷಗಳ ಈ ಪ್ರಯೋಗದಿಂದ ನಾವು ಏನು ಕಲಿಯಬಹುದು, ಏನನ್ನು ಕಲಿಯಲಾಗದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ನಲವತ್ತು ದಾಟಿದವರಲ್ಲಿ ನಾವು ಹೃದಯಾಘಾತ ಎನ್ನುವುದು ಬಹುಮಟ್ಟಿಗೆ ರಕ್ತನಾಳದ ತೊಂದರೆ. ಹೃದಯಕ್ಕೆ ರಕ್ತ ಒದಗಿಸುವ ಪರಿಧಮನಿಯಲ್ಲಿ ಕೊಬ್ಬು ಸೇರಿ, ರಕ್ತ ಹೆಪ್ಪುಗಟ್ಟಿ, ಸ್ನಾಯುವಿನ ಒಂದು ಭಾಗ ಸಾಯುತ್ತದೆ. ಶಾಲಾಮಕ್ಕಳ ಹಠಾತ್ ಸಾವಿನ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಕೆಡುವುದು ಲಯ. ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಜೀವಕೋಶಗಳ ಗುಂಪೊಂದು ವಿದ್ಯುತ್ ಸಂಕೇತವನ್ನು ಹೊರಡಿಸುತ್ತದೆ. ಅದು ಹೃತ್ಕರ್ಣಗಳಲ್ಲಿ ಹರಡಿ, ನಡುವಿನ ಗಂಟಿನಲ್ಲಿ ಕ್ಷಣಕಾಲ ತಡೆದು, ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಈ ಕ್ರಮ ತಪ್ಪಿ ಹೃತ್ಕುಕ್ಷಿಯ ಸ್ನಾಯುಗಳು ಒಂದೊಂದು ಕಡೆ ಒಂದೊಂದು ರೀತಿ ಅದುರತೊಡಗಿದರೆ ರಕ್ತ ಮುಂದೆ ಹೋಗದು. ಇದೇ ಹೃತ್ಕುಕ್ಷಿ ಕಂಪನ. ಮಗು ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದ ದೊಡ್ಡವರ ಸಾವಿನ ಸುದ್ದಿ ಓದಿ ಮಕ್ಕಳ ತಪಾಸಣೆಗೆ ಹೊರಡುವುದು ಒಂದು ರೋಗಕ್ಕೆ ಇನ್ನೊಂದರ ಪರೀಕ್ಷೆ ಮಾಡಿಸಿದಂತೆ.

ಜಪಾನಿನವರು ಮಾಡುವುದು ಏನು?

ಜಪಾನಿನಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭ. ಜೂನ್ 30ರೊಳಗೆ ಆರೋಗ್ಯ ತಪಾಸಣೆ ಮುಗಿಯಬೇಕೆಂಬುದು ನಿಯಮ. ಮೊದಲ ಸುತ್ತಿನಲ್ಲಿ ಮೂರು ಕೆಲಸಗಳು: ಪೋಷಕರು ತುಂಬುವ ಪ್ರಶ್ನಾವಳಿ, ಶಾಲಾ ವೈದ್ಯರ ಪರೀಕ್ಷೆ, ಇಸಿಜಿ. ಕೆಲವು ಕಡೆ ಹೃದಯದ ಸದ್ದನ್ನೂ ಯಂತ್ರದಲ್ಲಿ ದಾಖಲಿಸುತ್ತಾರೆ. ಪ್ರಶ್ನಾವಳಿಯಲ್ಲಿ ಮಗು ಎಂದಾದರೂ ಮೂರ್ಛೆ ಹೋಗಿತ್ತೇ, ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ ಎಂಬ ಪ್ರಶ್ನೆಗಳಿರುತ್ತವೆ. ಕಾವಾಸಾಕಿ ರೋಗ ಬಂದಿತ್ತೇ ಎಂದೂ ಕೇಳುತ್ತಾರೆ. 1967ರಲ್ಲಿ ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ ವಿವರಿಸಿದ ಈ ಜ್ವರ ಪರಿಧಮನಿಗಳನ್ನು ಉಬ್ಬಿಸಬಲ್ಲದು. ಅನುಮಾನ ಬಂದ ಮಕ್ಕಳು ಎರಡನೆಯ ಸುತ್ತಿಗೆ, ಅಗತ್ಯವಿದ್ದರೆ ಮೂರನೆಯ ಸುತ್ತಿಗೆ ತಜ್ಞರ ಬಳಿ ಹೋಗುತ್ತಾರೆ.

ಆರು, ಹನ್ನೆರಡು, ಹದಿನೈದು ವಯಸ್ಸಿನಲ್ಲಿ ಮೂರು ಬಾರಿ ಏಕೆ? ಹೃದಯದ ಗೋಡೆ ಅಸಹಜವಾಗಿ ದಪ್ಪವಾಗುವ ರೋಗ ಅನೇಕರಲ್ಲಿ ಪ್ರಾಯಕ್ಕೆ ಬರುವ ಹೊತ್ತಿಗೆ ತಲೆ ಎತ್ತುತ್ತದೆ. ಆರನೆಯ ವಯಸ್ಸಿನಲ್ಲಿ ನೆಟ್ಟಗಿದ್ದ ರೇಖೆ ಹದಿನೈದರಲ್ಲಿ ಹಾಗೆಯೇ ಇರಬೇಕೆಂದಿಲ್ಲ. ಒಮ್ಮೆ ಶಿಬಿರ ನಡೆಸಿ, ಫೋಟೊ ತೆಗೆಸಿ, ಮುಗಿಯಿತು ಎನ್ನುವವರು ಈ ಅಂಶವನ್ನು ಗಮನಿಸಬೇಕು.

ಈ ವ್ಯವಸ್ಥೆಯಲ್ಲಿ ನನಗೆ ಯಂತ್ರಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಒಂದು ಕಾಗದ. ತಜ್ಞರ ಪರೀಕ್ಷೆ ಮುಗಿದ ಮೇಲೆ ನಿಗಾ ಬೇಕಾದ ಮಗುವಿನ ಹೆಸರಿನಲ್ಲಿ ಶಾಲೆಗೆ ಒಂದು ನಿರ್ದೇಶನ ಪಟ್ಟಿ ಬರುತ್ತದೆ. ಅದರಲ್ಲಿ ಎ ಇಂದ ಇ ವರೆಗೆ ಐದು ದರ್ಜೆಗಳು. ಎ ಎಂದರೆ ಮನೆ ಅಥವಾ ಆಸ್ಪತ್ರೆಯಲ್ಲಿರಬೇಕು, ಬಿ ಎಂದರೆ ಶಾಲೆಗೆ ಬರಬಹುದು, ವ್ಯಾಯಾಮ ಬೇಡ, ಸಿ ಹಗುರ ವ್ಯಾಯಾಮ, ಡಿ ಮಧ್ಯಮ, ಇ ಎಂದರೆ ಬಿರುಸಿನ ಆಟವೂ ಸರಿ. ಯಾವ ಆಟ ಯಾವ ದರ್ಜೆಗೆ ಸೇರುತ್ತದೆ ಎಂಬುದೂ ಅಲ್ಲೇ ಮುದ್ರಿತ. ವ್ಯಾಯಾಮ ಶಿಕ್ಷಕರು ಅನುಮಾನಿಸಬೇಕಾಗಿಲ್ಲ. "ಹೃದಯದ ತೊಂದರೆ ಇದೆಯಂತೆ, ಮೂಲೆಯಲ್ಲಿ ಕೂರು" ಎಂದು ವರ್ಷಗಟ್ಟಲೆ ಒಂದು ಮಗುವನ್ನು ಕೂರಿಸುವ ಪ್ರಮೇಯವೂ ಇಲ್ಲ. ಇಸಿಜಿ ತಪಾಸಣೆ ಎಂದಾಗ ನಾವು ಯಂತ್ರವನ್ನು ಕಲ್ಪಿಸಿಕೊಳ್ಳುತ್ತೇವೆ. ಆ ಯಂತ್ರದ ಆಚೆಗಿನ ಮಕ್ಕಳ ಹೃದಯ ತಜ್ಞರು, ಶಾಲಾ ವೈದ್ಯರು, ಪ್ರತಿ ಶಾಲೆಯ ಆರೋಗ್ಯ ಕೊಠಡಿ, ಈ ಕಾಗದ — ಇವೆಲ್ಲ ಸೇರಿ ಆದದ್ದು ಜಪಾನಿನ ತಪಾಸಣೆ.

ರೇಖೆ ತೋರಿಸುವುದು, ತೋರಿಸದಿರುವುದು

ಇಸಿಜಿ ಹಿಡಿಯಬಲ್ಲ ಕೆಲವು ದೋಷಗಳಿಗೆ ಒಳ್ಳೆಯ ಚಿಕಿತ್ಸೆ ಇದೆ ಎಂಬುದನ್ನು ತಪಾಸಣೆಯ ಟೀಕಾಕಾರರು ಮರೆಯಬಾರದು. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ಹುಟ್ಟಿನಿಂದ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುವ ಮಕ್ಕಳಿದ್ದಾರೆ. ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವೈದ್ಯರ ಹೆಸರಿನಿಂದ ಇದನ್ನು ಕರೆಯುತ್ತಾರೆ. ತೊಡೆಯ ರಕ್ತನಾಳದ ಮೂಲಕ ತೆಳುವಾದ ತಂತಿ ತೂರಿಸಿ, ರೇಡಿಯೊ ಅಲೆಗಳ ಶಾಖದಿಂದ ಆ ದಾರಿಯನ್ನು ಸುಟ್ಟುಬಿಟ್ಟರೆ ಬಹುಪಾಲು ಮಕ್ಕಳಿಗೆ ರೋಗವೇ ಇಲ್ಲವಾಗುತ್ತದೆ. ಇನ್ನೊಂದು, ದೀರ್ಘ ಕ್ಯೂಟಿ ದೋಷ. ಹೃತ್ಕುಕ್ಷಿ ಸಂಕೋಚಿಸಿದ ಮೇಲೆ ಮುಂದಿನ ಬಡಿತಕ್ಕಾಗಿ ಅದರ ಜೀವಕೋಶಗಳು ವಿದ್ಯುತ್ ದೃಷ್ಟಿಯಿಂದ ಮತ್ತೆ ಸಜ್ಜಾಗಬೇಕು. ಈ ಒಟ್ಟು ಅವಧಿಯನ್ನು ರೇಖೆಯಲ್ಲಿ ಕ್ಯೂ ಇಂದ ಟಿ ಅಲೆಯ ಕೊನೆಯವರೆಗೆ ಅಳೆಯುತ್ತಾರೆ. ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಮ್ ಅಥವಾ ಸೋಡಿಯಮ್ ಹಾದುಹೋಗುವ ನಾಲೆಗಳು ಆನುವಂಶಿಕವಾಗಿ ಕೆಟ್ಟಿದ್ದರೆ ಈ ಅವಧಿ ಹಿಗ್ಗುತ್ತದೆ. ಆ ಹೊತ್ತಿನಲ್ಲಿ ಬರುವ ಅಕಾಲಿಕ ಬಡಿತವೊಂದು ಹೃತ್ಕುಕ್ಷಿ ಕಂಪನಕ್ಕೆ ದಾರಿ ಮಾಡಬಹುದು. ಇಟಲಿಯಲ್ಲಿ 44,596 ನವಜಾತ ಶಿಶುಗಳ ಇಸಿಜಿ ತೆಗೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದು ಸುಮಾರು 2,000 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಹಲವರಿಗೆ ಬೀಟಾ ಬ್ಲಾಕರ್ ಎಂಬ ಹಳೆಯ, ಅಗ್ಗದ ಮಾತ್ರೆಯೇ ರಕ್ಷಣೆ.

ಇನ್ನು ರೇಖೆಗೆ ಸಿಗದಿರುವುದನ್ನು ನೋಡಿ. ಪರಿಧಮನಿ ತಪ್ಪು ಜಾಗದಿಂದ ಹೊರಟಿದ್ದರೆ ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಓಡುವಾಗ, ಅಂಜುವಾಗ ಮಾತ್ರ ಲಯ ಕೆಡುವ ಒಂದು ಆನುವಂಶಿಕ ರೋಗವಿದೆ. ಮಲಗಿದ ಮಗುವಿನ ರೇಖೆ ಅಲ್ಲಿ ಅಚ್ಚುಕಟ್ಟಾಗಿರುತ್ತದೆ. ಸೋಂಕಿನಿಂದ ಹೃದಯಸ್ನಾಯು ಊದಿಕೊಳ್ಳುವ ರೋಗ ತಪಾಸಣೆಯ ಮರುವಾರವೇ ಬರಬಹುದು. ಕ್ರಿಕೆಟ್ ಚೆಂಡಿನಂಥ ಗಟ್ಟಿ ವಸ್ತು ಎದೆಯ ಮೇಲೆ, ಹೃದಯಚಕ್ರದ ಒಂದು ನಾಜೂಕಾದ ಕ್ಷಣದಲ್ಲಿ ಬಡಿದರೆ ಪೂರ್ಣ ಆರೋಗ್ಯವಂತ ಹೃದಯವೂ ಕಂಪನಕ್ಕೆ ಬೀಳುತ್ತದೆ. ಅದನ್ನು ಮುಂಚೆಯೇ ಹೇಳುವ ಯಂತ್ರವಿಲ್ಲ.

ರೇಖೆ ಸುಳ್ಳು ಹೇಳುವುದೂ ಉಂಟು. ಮಕ್ಕಳ ಇಸಿಜಿ ದೊಡ್ಡವರ ಇಸಿಜಿಯ ಕಿರಿಯ ಪ್ರತಿಯಲ್ಲ. ಎದೆಯ ಬಲಬದಿಯ ತಂತಿಗಳಲ್ಲಿ ಟಿ ಅಲೆ ತಲೆಕೆಳಗಾಗಿದ್ದರೆ ದೊಡ್ಡವರಲ್ಲಿ ಚಿಂತೆಯ ವಿಷಯ, ಮಕ್ಕಳಲ್ಲಿ ಅದೇ ಸಹಜ. ಉಸಿರೆಳೆದಾಗ ಬಡಿತ ಬೇಗ, ಬಿಟ್ಟಾಗ ನಿಧಾನ ಆಗುವುದೂ ಮಕ್ಕಳಲ್ಲಿ ಸಹಜ. ನಿಮ್ಮ ವಿದ್ಯಾರ್ಥಿಗಳಿಗೆ ಮಣಿಕಟ್ಟಿನ ನಾಡಿ ಹಿಡಿದು ಆಳವಾಗಿ ಉಸಿರಾಡಲು ಹೇಳಿ. ಅನೇಕರು ಈ ವ್ಯತ್ಯಾಸವನ್ನು ತಾವೇ ಗುರುತಿಸುತ್ತಾರೆ.

ಕ್ಯೂಟಿ ಅಳತೆಯಲ್ಲಂತೂ ಒಂದು ಸ್ವಾರಸ್ಯವಿದೆ. ಬಡಿತ ಬೇಗವಾದಂತೆ ಕ್ಯೂಟಿ ತಾನಾಗಿಯೇ ಕುಗ್ಗುತ್ತದೆ. ಆದ್ದರಿಂದ ಅಳೆದ ಬೆಲೆಯನ್ನು ಬಡಿತದ ವೇಗಕ್ಕೆ ತಕ್ಕಂತೆ ತಿದ್ದಬೇಕು. ಬ್ಯಾಜೆಟ್ 1920ರಲ್ಲಿ ಕೊಟ್ಟ ಸೂತ್ರದಲ್ಲಿ ಕ್ಯೂಟಿಯನ್ನು ಎರಡು ಬಡಿತಗಳ ನಡುವಿನ ಕಾಲದ ವರ್ಗಮೂಲದಿಂದ ಭಾಗಿಸುತ್ತಾರೆ. ಅದೇ ವರ್ಷ ಫ್ರಿಡರಿಸಿಯ ಕೊಟ್ಟ ಸೂತ್ರದಲ್ಲಿ ಘನಮೂಲ. ಈಗ ಒಂದು ಮಗುವನ್ನು ತೆಗೆದುಕೊಳ್ಳೋಣ. ಹೊಸ ಜಾಗ, ಮೈಗೆ ಅಂಟಿಸಿದ ತಂತಿಗಳು, ಅಂಜಿಕೆ. ನಾಡಿ ನಿಮಿಷಕ್ಕೆ 100. ಎರಡು ಬಡಿತಗಳ ನಡುವೆ 0.6 ಸೆಕೆಂಡು. ಅಳೆದ ಕ್ಯೂಟಿ 0.36 ಸೆಕೆಂಡು ಎನ್ನಿ. 0.6ರ ವರ್ಗಮೂಲ 0.775, ಬ್ಯಾಜೆಟ್ ಪ್ರಕಾರ ತಿದ್ದಿದ ಕ್ಯೂಟಿ 465 ಮಿಲಿಸೆಕೆಂಡು. 0.6ರ ಘನಮೂಲ 0.843, ಫ್ರಿಡರಿಸಿಯ ಪ್ರಕಾರ 427. ನಾವು 460ನ್ನು ಗಡಿ ಎಂದು ಇಟ್ಟುಕೊಂಡಿದ್ದರೆ ಒಂದೇ ಮಗು, ಒಂದೇ ರೇಖೆ, ಒಂದು ಸೂತ್ರದಲ್ಲಿ ಅನುಮಾನಿತ, ಇನ್ನೊಂದರಲ್ಲಿ ನಿರೋಗಿ! ನಾಡಿ ನಿಮಿಷಕ್ಕೆ 60 ಆಗಿದ್ದರೆ ಎರಡು ಸೂತ್ರಗಳೂ ಒಂದೇ ಉತ್ತರ ಕೊಡುತ್ತವೆ. ಏಕೆಂದು ವಿದ್ಯಾರ್ಥಿಗಳೇ ಹೇಳಲಿ. ಬ್ಯಾಜೆಟ್ ಸೂತ್ರ ಬೇಗ ಬಡಿಯುವ ಹೃದಯಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ತಿದ್ದುತ್ತದೆ ಎಂಬುದು ಗೊತ್ತಿದ್ದ ಸಂಗತಿ. ಮಕ್ಕಳ ಹೃದಯ ಬಡಿಯುವುದೇ ಬೇಗ.

ಒಂದು ಲಕ್ಷ ಮಕ್ಕಳ ಲೆಕ್ಕ

ಈಗ ಗಣಿತದ ಪಾಠಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವುದೇ ಊರಿನ ಸಮೀಕ್ಷೆಯಲ್ಲ. ಸಾವಿರಕ್ಕೆ ಒಬ್ಬರಲ್ಲಿ ಇಸಿಜಿ ಹಿಡಿಯಬಲ್ಲ ಅಪಾಯಕಾರಿ ದೋಷವಿದೆ ಎನ್ನೋಣ. ದೋಷವಿರುವ 100 ಮಕ್ಕಳಲ್ಲಿ 80 ಮಕ್ಕಳನ್ನು ಪರೀಕ್ಷೆ ಹಿಡಿಯುತ್ತದೆ, ದೋಷವಿಲ್ಲದ 100ರಲ್ಲಿ 3 ಮಕ್ಕಳನ್ನು ತಪ್ಪಾಗಿ ಅನುಮಾನಿಸುತ್ತದೆ ಎಂದಿರಲಿ. ಇದು ಕೆಟ್ಟ ಪರೀಕ್ಷೆಯೇನಲ್ಲ.

ಒಂದು ಲಕ್ಷ ಮಕ್ಕಳಲ್ಲಿ ದೋಷವಿರುವವರು 100. ಸಿಕ್ಕವರು 80, ತಪ್ಪಿಸಿಕೊಂಡವರು 20. ಉಳಿದ 99,900 ಆರೋಗ್ಯವಂತರಲ್ಲಿ ನೂರಕ್ಕೆ 3ರಂತೆ 2,997 ಮಕ್ಕಳು ಅನುಮಾನದ ಪಟ್ಟಿಗೆ ಸೇರುತ್ತಾರೆ. ಒಟ್ಟು ಪಟ್ಟಿ 3,077. ಅದರಲ್ಲಿ ನಿಜವಾಗಿ ದೋಷವಿರುವವರು 80. ಸುಮಾರು 38ರಲ್ಲಿ ಒಬ್ಬರು. ಉಳಿದ 37 ಮನೆಗಳಿಗೆ "ನಿಮ್ಮ ಮಗುವಿನ ಹೃದಯದಲ್ಲಿ ಏನೋ ಇದೆ, ದೊಡ್ಡ ಆಸ್ಪತ್ರೆಗೆ ಹೋಗಿ" ಎಂಬ ಚೀಟಿ ಹೋಗಿರುತ್ತದೆ. ತಜ್ಞರು ಹತ್ತಿರದಲ್ಲೇ ಇದ್ದು ವಾರದೊಳಗೆ ಅನುಮಾನ ನಿವಾರಿಸಿದರೆ ಅದು ಒಂದು ವಾರದ ಚಿಂತೆ. ಮಕ್ಕಳ ಹೃದಯ ತಜ್ಞರು ಇರುವುದು ರಾಜ್ಯದ ಎರಡು-ಮೂರು ದೊಡ್ಡ ಊರುಗಳಲ್ಲಿ ಎಂದಾದರೆ, ಕೂಲಿ ಬಿಟ್ಟು ಬಸ್ಸು ಹತ್ತಲಾಗದ ತಂದೆ-ತಾಯಿಗೆ ಅದು ವರ್ಷಗಳ ಚಿಂತೆ. ಮಗುವಿಗೆ ಓಟ, ಕಬಡ್ಡಿ, ಖೊ ಖೊ ಎಲ್ಲವೂ ಬಂದ್. ಹೆಣ್ಣುಮಗುವಾದರೆ ಆ ಚೀಟಿ ಮದುವೆಯ ಮಾತುಕತೆಯವರೆಗೂ ಹಿಂಬಾಲಿಸುತ್ತದೆ ಎಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲ ಶಿಕ್ಷಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಎಳೆಯರಲ್ಲಿ ಹೃದಯ ಸಂಬಂಧಿ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ ಒಂದು-ಎರಡರ ಆಸುಪಾಸಿನಲ್ಲಿರುವ ಘಟನೆ. ಅಂದರೆ ನಮ್ಮ ಪಟ್ಟಿಗೆ ಸಿಕ್ಕ 80 ಮಕ್ಕಳಲ್ಲಿ ಹೆಚ್ಚಿನವರು ತಪಾಸಣೆ ಇಲ್ಲದಿದ್ದರೂ ಆ ವರ್ಷ ಬದುಕಿರುತ್ತಿದ್ದರು. ಆದ್ದರಿಂದ "ನಮ್ಮ ಶಿಬಿರದಲ್ಲಿ ಇಷ್ಟು ಮಕ್ಕಳ ದೋಷ ಪತ್ತೆಯಾಯಿತು" ಎಂಬುದು "ಇಷ್ಟು ಜೀವ ಉಳಿಯಿತು" ಎಂಬುದಕ್ಕೆ ಸಮವಲ್ಲ. ತಪಾಸಣಾ ಶಿಬಿರಗಳ ವರದಿಗಳಲ್ಲಿ ಈ ಎರಡನ್ನು ಬೆರೆಸುವುದು ಎಷ್ಟು ಸಾಮಾನ್ಯವಾಗಿದೆ ಎಂದರೆ ಓದುಗರಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕೆ ಹತ್ತಿರದ ಉದಾಹರಣೆ ನಮ್ಮ ದೇಶದಲ್ಲೇ ಇದೆ, ಅದು ಲಯದ್ದಲ್ಲದಿದ್ದರೂ. ಹರಿಯಾಣದ ಬಲ್ಲಭಗಡದಲ್ಲಿ 6,270 ಶಾಲಾಮಕ್ಕಳನ್ನು ವಾತಜ್ವರದ ಹೃದ್ರೋಗಕ್ಕಾಗಿ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಸ್ಟೆತಸ್ಕೋಪಿಗೆ ಸಿಕ್ಕವರು ಸಾವಿರಕ್ಕೆ 0.8, ಎಕೋ ಯಂತ್ರಕ್ಕೆ ಸಿಕ್ಕವರು ಸಾವಿರಕ್ಕೆ 20.4. ಇಪ್ಪತ್ತೈದು ಪಟ್ಟು! ಯಂತ್ರ ಕಂಡದ್ದು ಸುಳ್ಳಲ್ಲ. ಆದರೆ ಕವಾಟದ ಅಷ್ಟು ಸಣ್ಣ ಬದಲಾವಣೆ ಇರುವ ಮಕ್ಕಳಲ್ಲಿ ಎಷ್ಟು ಮಂದಿ ಮುಂದೆ ರೋಗಿಗಳಾಗುತ್ತಾರೆ ಎಂಬ ಪ್ರಶ್ನೆಗೆ ಯಂತ್ರ ಉತ್ತರಿಸುವುದಿಲ್ಲ. ವರ್ಷಗಟ್ಟಲೆ ಮಕ್ಕಳ ಬೆನ್ನು ಹತ್ತಿದವರು ಮಾತ್ರ ಉತ್ತರಿಸಬಲ್ಲರು.

ಹಾಗಾದರೆ ಸಾವು ಕಡಿಮೆಯಾಯಿತೇ?

ಈ ಪ್ರಶ್ನೆಗೆ ಜಪಾನಿನಿಂದ ನೇರ ಉತ್ತರ ಸಿಗದು. ದೇಶದ ಎಲ್ಲ ಮಕ್ಕಳಿಗೂ ಪರೀಕ್ಷೆ ಮಾಡಿದರೆ ಹೋಲಿಸಲು ಪರೀಕ್ಷೆ ಆಗದ ಮಕ್ಕಳು ಉಳಿಯುವುದಿಲ್ಲ. ಸಸ್ಯಶಾಸ್ತ್ರದ ಪ್ರಯೋಗದಲ್ಲಿ ಎಲ್ಲ ಕುಂಡಗಳಿಗೂ ಗೊಬ್ಬರ ಹಾಕಿ, ಗೊಬ್ಬರದಿಂದ ಗಿಡ ಬೆಳೆಯಿತು ಎಂದರೆ ನೀವು ಅಂಕ ಕೊಡುತ್ತೀರಾ? ಜಪಾನಿನ ತಜ್ಞರು ತಮ್ಮ ವ್ಯವಸ್ಥೆಯನ್ನು ಸಮರ್ಥಿಸುವಾಗ ಈ ಕೊರತೆಯನ್ನು ನೆನಪಿನಲ್ಲಿಡಬೇಕು.

ಹೋಲಿಕೆ ಬೇಕೆಂದರೆ ಆಟಗಾರರ ತಪಾಸಣೆಯನ್ನು ನೋಡಬೇಕು. ಇಟಲಿಯಲ್ಲಿ 1982ರಿಂದ ಸ್ಪರ್ಧಾತ್ಮಕ ಆಟಗಾರರಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಪಡುವಾ ನಗರದ ಡೊಮೆನಿಕೊ ಕೊರಾಡೊ ಮತ್ತು ಸಂಗಡಿಗರು 2006ರಲ್ಲಿ ವೆನೆಟೊ ಪ್ರಾಂತದ ಅಂಕಿಗಳನ್ನು ಪ್ರಕಟಿಸಿದರು. 1979-80ರಲ್ಲಿ ಆಟಗಾರರ ಹಠಾತ್ ಹೃದಯ ಸಾವು ವರ್ಷಕ್ಕೆ ಲಕ್ಷಕ್ಕೆ 3.6, 2003-04ರಲ್ಲಿ 0.4. ಶೇಕಡಾ 89 ಇಳಿಕೆ. ಅದೇ ಪ್ರಾಂತದ, ತಪಾಸಣೆಗೆ ಒಳಗಾಗದ ಇತರ ಯುವಜನರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇದು ಬಲವಾದ ಸಾಕ್ಷ್ಯ, ಇಸಿಜಿ ಪರ ಇರುವವರೆಲ್ಲ ಮೊದಲು ಹೇಳುವುದು ಇದನ್ನೇ. ಅದೇ ಅವಧಿಯಲ್ಲಿ ಪಡುವಾ ಕೇಂದ್ರದಲ್ಲಿ ಪರೀಕ್ಷಿಸಿದ 42,386 ಆಟಗಾರರಲ್ಲಿ 3,914 ಮಂದಿ ಹೆಚ್ಚಿನ ಪರೀಕ್ಷೆಗೆ ಹೋದರು, 879 ಮಂದಿಯನ್ನು ಹೃದಯದ ಕಾರಣಕ್ಕೆ ಆಟದಿಂದ ಹೊರಗಿಟ್ಟರು ಎಂಬ ಅಂಕಿಯನ್ನು ಮಾತ್ರ ಅವರು ಅಷ್ಟಾಗಿ ಹೇಳುವುದಿಲ್ಲ.

ಇಸ್ರೇಲಿನಲ್ಲೂ 1997ರಲ್ಲಿ ಇಂಥದೇ ಕಾನೂನು ಬಂತು. ಅಲ್ಲಿನ ಸ್ಟೈನ್‌ವಿಲ್ ಮತ್ತು ಇತರರು 2011ರಲ್ಲಿ ಕಾನೂನಿಗೆ ಹಿಂದಿನ ಮತ್ತು ಮುಂದಿನ ಒಂದೊಂದು ದಶಕವನ್ನು ಹೋಲಿಸಿದರು. ಮೊದಲು ಲಕ್ಷಕ್ಕೆ 2.54, ಆಮೇಲೆ 2.66. ವ್ಯತ್ಯಾಸವೇ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಅವರ ಇನ್ನೊಂದು ಮಾತು: ಕಾನೂನು ಬರುವ ಮುಂಚಿನ ಎರಡು ವರ್ಷಗಳನ್ನು ಮಾತ್ರ ತೆಗೆದುಕೊಂಡಿದ್ದರೆ ತಪಾಸಣೆಯಿಂದ ಸಾವು ಬಹಳ ಕಡಿಮೆಯಾಯಿತು ಎಂದೇ ತೋರುತ್ತಿತ್ತು. ಏಕೆಂದರೆ ಆ ಎರಡು ವರ್ಷಗಳಲ್ಲಿ ಸಾವು ಆಕಸ್ಮಿಕವಾಗಿ ಹೆಚ್ಚಿತ್ತು. ವಿರಳ ಘಟನೆಗಳಲ್ಲಿ ಹೀಗೆ ಏರಿಳಿತ ಸಹಜ. ಸಾವು ಹೆಚ್ಚಾದಾಗಲೇ ಜನ ಗದ್ದಲ ಮಾಡುವುದು, ಗದ್ದಲವಾದಾಗಲೇ ಕಾನೂನು ಬರುವುದು. ಆಮೇಲೆ ಅಂಕಿ ತನ್ನ ಹಳೆಯ ಸರಾಸರಿಗೆ ಮರಳಿದರೆ ಕೀರ್ತಿ ಕಾನೂನಿಗೆ. ವೆನೆಟೊ ಹೋಲಿಕೆಯೂ 1979-80ರ ಎತ್ತರದಿಂದಲೇ ಆರಂಭವಾಗುತ್ತದೆ ಎಂಬುದನ್ನು ಗಮನಿಸಿ. ಇಸ್ರೇಲಿನ ಅಧ್ಯಯನಕ್ಕೂ ದೋಷವಿದೆ. ಸಾವುಗಳನ್ನು ಅವರು ಎಣಿಸಿದ್ದು ಎರಡು ದಿನಪತ್ರಿಕೆಗಳ ಸುದ್ದಿಯಿಂದ; ಒಟ್ಟು ಪ್ರಕರಣ 24. ಇಷ್ಟು ಕಡಿಮೆ ಸಂಖ್ಯೆಯಲ್ಲಿ ನಾಲ್ಕೈದು ಸಾವು ಎಣಿಕೆಗೆ ಸಿಗದಿದ್ದರೂ ಉತ್ತರ ಬದಲಾದೀತು. ನನ್ನ ತೀರ್ಮಾನ ಕೇಳಿದರೆ, ಇಟಲಿಯ ಅಧ್ಯಯನ ತಪಾಸಣೆಯ ಲಾಭವನ್ನು ಸಾಧಿಸಿ ತೋರಿಸುವುದಿಲ್ಲ, ಇಸ್ರೇಲಿನದು ಅದನ್ನು ಅಲ್ಲಗಳೆಯುವುದೂ ಇಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಅನುಭವ ಇನ್ನೂ ಕಟು. 1996ರಿಂದ 2016ರವರೆಗೆ 11,168 ಹದಿಹರೆಯದ ಆಟಗಾರರಿಗೆ ಇಸಿಜಿಯ ಜೊತೆಗೆ ಎಕೋ ಪರೀಕ್ಷೆಯನ್ನೂ ಮಾಡಿದರು. ಅಪಾಯದ ದೋಷ ಸಿಕ್ಕಿದ್ದು 42 ಮಂದಿಯಲ್ಲಿ. ಮುಂದೆ ಹೃದಯದ ಕಾರಣದಿಂದ ಹಠಾತ್ತಾಗಿ ಸತ್ತವರು 8. ಅವರಲ್ಲಿ 6 ಮಂದಿಯ ತಪಾಸಣೆಯ ಫಲಿತಾಂಶ ಸಹಜವಾಗಿಯೇ ಇತ್ತು. ತಪಾಸಣೆಗೂ ಸಾವಿಗೂ ನಡುವಿನ ಸರಾಸರಿ ಅಂತರ 6.8 ವರ್ಷ. 42 ಮಂದಿಗೆ ಆದ ಉಪಕಾರವನ್ನು ಅಲ್ಲಗಳೆಯಬೇಕಿಲ್ಲ. ಆದರೆ "ಸಹಜ" ಎಂಬ ಮುದ್ರೆ ಬಿದ್ದ ಆರು ಮಂದಿಯ ಮನೆಯವರು ಆ ಮುದ್ರೆಯನ್ನು ನಂಬಿದ್ದರು. ಬ್ರಿಟನ್ನಿನ ರಾಷ್ಟ್ರೀಯ ತಪಾಸಣಾ ಸಮಿತಿ 2019ರಲ್ಲಿ ಎಳೆಯರೆಲ್ಲರ ಹೃದಯ ತಪಾಸಣೆ ಬೇಡವೆಂದು ಶಿಫಾರಸು ಮಾಡಿದ್ದು ಇಂಥ ಸಾಕ್ಷ್ಯಗಳನ್ನು ತೂಗಿ ನೋಡಿದ ಮೇಲೆ.

ಕುಸಿದು ಬಿದ್ದ ಮೇಲೆ

ಜಪಾನಿಗೆ ಮರಳೋಣ. ಅಲ್ಲಿ 2004ರ ಜುಲೈನಲ್ಲಿ ಇನ್ನೊಂದು ನಿರ್ಧಾರವಾಯಿತು. ಎಇಡಿ ಎಂಬ, ಎದೆಗೆ ಅಂಟಿಸಿದರೆ ತಾನೇ ಲಯವನ್ನು ಓದಿ ಬೇಕಿದ್ದರೆ ಮಾತ್ರ ವಿದ್ಯುದಾಘಾತ ಕೊಡುವ ಪೆಟ್ಟಿಗೆಯನ್ನು ಜನಸಾಮಾನ್ಯರೂ ಬಳಸಲು ಅನುಮತಿ ಸಿಕ್ಕಿತು. ರೈಲು ನಿಲ್ದಾಣ, ಶಾಲೆ, ಅಂಗಡಿಗಳಿಗೆ ಅದು ಬಂತು. ಜನರೆದುರು ಕುಸಿದು ಬಿದ್ದು, ಹೃತ್ಕುಕ್ಷಿ ಕಂಪನವಾಗಿದ್ದ ವಯಸ್ಕರನ್ನು ಕುರಿತು 2010ರಲ್ಲಿ ದೇಶವ್ಯಾಪಿ ಅಧ್ಯಯನ ಪ್ರಕಟವಾಯಿತು. ಒಟ್ಟಾರೆ ಇಂಥವರಲ್ಲಿ ಮಿದುಳಿಗೆ ಹೆಚ್ಚಿನ ಹಾನಿಯಿಲ್ಲದೆ ಒಂದು ತಿಂಗಳ ನಂತರವೂ ಬದುಕಿದ್ದವರು ಶೇಕಡಾ 14.4, ದಾರಿಹೋಕರು ಎಇಡಿ ಬಳಸಿದ್ದ ಗುಂಪಿನಲ್ಲಿ ಶೇಕಡಾ 31.6. ಎದೆ ಒತ್ತದೆ, ಆಘಾತ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಇಲ್ಲಿ ಇನ್ನೊಂದು ಅನುಕೂಲವಿದೆ: ಲಯ ಕೆಟ್ಟದ್ದು ದೀರ್ಘ ಕ್ಯೂಟಿಯಿಂದಲೋ, ಕ್ರಿಕೆಟ್ ಚೆಂಡಿನಿಂದಲೋ ಎಂದು ಎಇಡಿ ಕೇಳುವುದಿಲ್ಲ. ಇಸಿಜಿ ತಪ್ಪಿಸಿಕೊಂಡ 20 ಮಕ್ಕಳಿಗೂ ಅದು ಸಲ್ಲುತ್ತದೆ.

ಪೆಟ್ಟಿಗೆ ಇದ್ದರೂ ಸಾಲದು. 2011ರ ಸೆಪ್ಟೆಂಬರಿನಲ್ಲಿ ಸೈತಾಮಾ ನಗರದ ಶಾಲೆಯೊಂದರಲ್ಲಿ ರಿಲೇ ಓಟದ ಅಭ್ಯಾಸ ಮಾಡುತ್ತಿದ್ದ 6ನೆಯ ತರಗತಿಯ ಬಾಲಕಿ ಕುಸಿದು ಬಿದ್ದಳು. ಶಾಲೆಯಲ್ಲಿ ಎಇಡಿ ಇತ್ತು. ಆದರೆ ಆಕೆ ಉಸಿರಾಡುತ್ತಿದ್ದಾಳೆ ಎಂದುಕೊಂಡ ಶಿಕ್ಷಕರು ಅದನ್ನು ಬಳಸಲಿಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷ ಬಾಯಿ ತೆರೆದು ಏದುಸಿರಿನಂತೆ ಬರುವ ಆ ಚಲನೆ ಉಸಿರಾಟವಲ್ಲ. ಬಾಲಕಿ ಮರುದಿನ ತೀರಿಕೊಂಡಳು. ಮರುವರ್ಷ ನಗರದ ಶಿಕ್ಷಣ ಮಂಡಳಿ ಆಕೆಯ ತಂದೆ-ತಾಯಿಯ ಜೊತೆ ಕುಳಿತು ಶಿಕ್ಷಕರಿಗಾಗಿ ಒಂದು ಕೈಪಿಡಿ ಸಿದ್ಧಪಡಿಸಿತು. ಉಸಿರಾಟ ಇದೆಯೋ ಇಲ್ಲವೋ ತಿಳಿಯದಿದ್ದರೆ ಇಲ್ಲವೆಂದೇ ಭಾವಿಸಿ ಎದೆ ಒತ್ತಲು ಆರಂಭಿಸಿ, ಎಇಡಿ ತರಿಸಿ ಎಂಬುದು ಅದರ ತಿರುಳು. ಶಾಲಾ ಇಸಿಜಿಯನ್ನು ದಶಕಗಳಿಂದ ನಡೆಸಿದ ದೇಶದಲ್ಲೇ ಈ ಕೈಪಿಡಿ ಬೇಕಾಯಿತು.

ಇನ್ನು ನಮ್ಮ ಮಾತು. ನಮ್ಮಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಬರುತ್ತವೆ. ಹುಟ್ಟಿನಿಂದ ಬಂದ ಹೃದ್ರೋಗ, ವಾತಜ್ವರದ ಹೃದ್ರೋಗ ಅವರ ಪಟ್ಟಿಯಲ್ಲಿವೆ. ಎಲ್ಲ ಮಕ್ಕಳಿಗೆ ಇಸಿಜಿ ಎಂಬ ಮಾತು ಬಂದಾಗ ಜಪಾನಿನಿಂದ ಮೊದಲು ಎರವಲು ಪಡೆಯಬೇಕಾದದ್ದು ಪ್ರಶ್ನಾವಳಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಬೇಕಾದದ್ದು ಕಾಗದ ಮತ್ತು ಕೇಳುವ ಶಿಕ್ಷಕರು. ಬಿಸಿಲಲ್ಲಿ ಪ್ರಾರ್ಥನೆಗೆ ನಿಂತು ತಲೆಸುತ್ತಿ ಬೀಳುವ ಮಗು ಬೇರೆ, ಓಡುತ್ತಿರುವಾಗಲೇ ಎಚ್ಚರ ತಪ್ಪಿ ಬೀಳುವ ಮಗು ಬೇರೆ. ಈಜುವಾಗ ಮುಳುಗಿದ ಮಗು, ಗಂಟೆಯ ಅಥವಾ ಫೋನಿನ ಹಠಾತ್ ಸದ್ದಿಗೆ ಮೂರ್ಛೆ ಹೋಗುವ ಮಗು, ಮೂರ್ಛೆರೋಗವೆಂದು ಮಾತ್ರೆ ನುಂಗುತ್ತಿದ್ದರೂ ಬೀಳುವುದು ನಿಲ್ಲದ ಮಗು — ಇವರಿಗೆ ಇಸಿಜಿ ಬೇಕೇ ಬೇಕು. ದೀರ್ಘ ಕ್ಯೂಟಿ ದೋಷದ ಒಂದು ಬಗೆ ಈಜಿನಲ್ಲಿ, ಇನ್ನೊಂದು ಬಗೆ ಸದ್ದಿಗೆ ಬೆಚ್ಚಿದಾಗ ಕೆರಳುತ್ತದೆ.

ಯಂತ್ರವನ್ನೇ ಹೊತ್ತು ಹೊರಡುವುದಾದರೆ ಮೊದಲು ಹೋಗಬೇಕಾದ ಶಾಲೆಗಳೂ ಇವೆ. 1957ರಲ್ಲಿ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ನಾರ್ವೆಯ ಒಂದು ಕುಟುಂಬವನ್ನು ವಿವರಿಸಿದರು. ಅಲ್ಲಿ ನಾಲ್ಕು ಮಕ್ಕಳಿಗೆ ಹುಟ್ಟು ಕಿವುಡು, ಜೊತೆಗೆ ದೀರ್ಘ ಕ್ಯೂಟಿ. ಮೂವರು ಎಳವೆಯಲ್ಲೇ ಹಠಾತ್ತಾಗಿ ತೀರಿಕೊಂಡರು. ಒಳಗಿವಿಯ ದ್ರವಕ್ಕೂ ಹೃದಯದ ಜೀವಕೋಶಕ್ಕೂ ಬೇಕಾದ ಪೊಟ್ಯಾಸಿಯಮ್ ನಾಲೆ ಒಂದೇ. ಅದು ಕೆಟ್ಟರೆ ಎರಡೂ ಕೆಡುತ್ತವೆ. ಈ ರೋಗ ಬರಬೇಕಾದರೆ ತಂದೆ-ತಾಯಿ ಇಬ್ಬರಿಂದಲೂ ದೋಷದ ಜೀನು ಬರಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಉಳಿದಿರುವ ನಮ್ಮ ನಾಡಿನಲ್ಲಿ ಇಂಥ ಸಂಗಮದ ಸಾಧ್ಯತೆ ಹೆಚ್ಚು. ಶ್ರವಣದೋಷವಿರುವ ಮಕ್ಕಳ ಶಾಲೆಯಲ್ಲಿ ತಪಾಸಣೆಯ ಗಣಿತವೇ ಬದಲಾಗುತ್ತದೆ. ಮೇಲಿನ ಲೆಕ್ಕದಲ್ಲಿ ಪರೀಕ್ಷೆಯನ್ನು ಹಾಗೆಯೇ ಇಟ್ಟು, ದೋಷವಿರುವವರು ಸಾವಿರಕ್ಕೆ ಒಬ್ಬರ ಬದಲು ನೂರಕ್ಕೆ ಒಬ್ಬರು ಎಂದು ಇಟ್ಟು ನೋಡಿ. 10,000 ಮಕ್ಕಳಲ್ಲಿ ನಿಜವಾಗಿ ಸಿಕ್ಕವರು 80, ತಪ್ಪಾಗಿ ಅನುಮಾನಕ್ಕೆ ಒಳಗಾದವರು 297. ಚೀಟಿ ಪಡೆದ 38ರಲ್ಲಿ ಒಬ್ಬರ ಬದಲು ಸುಮಾರು ಐವರಲ್ಲಿ ಒಬ್ಬರಿಗೆ ದೋಷ. ಒಂದು ಜಿಲ್ಲೆಯ ಇಂಥ ಶಾಲೆಗಳ ಮಕ್ಕಳನ್ನು ಜಿಲ್ಲಾ ಆಸ್ಪತ್ರೆಯ ಒಂದೇ ಯಂತ್ರದಲ್ಲಿ ಕೆಲವು ದಿನಗಳಲ್ಲಿ ಪರೀಕ್ಷಿಸಿ ಮುಗಿಸಬಹುದು. ರೇಖೆಯನ್ನು ಬ್ಯಾಜೆಟ್ ಸೂತ್ರವೊಂದರಿಂದಲೇ ಅಳೆದು ಕೈಬಿಡದೆ, ಅನುಮಾನ ಬಂದವರ ಇಸಿಜಿಯನ್ನು ಮಗು ನಿರಾಳವಾದ ಇನ್ನೊಂದು ದಿನ ಮತ್ತೊಮ್ಮೆ ತೆಗೆಯಬೇಕು. ದೋಷ ಖಚಿತವಾದ ಮಗುವಿನ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನೂ ಅದೇ ವಾರ ಕರೆಸಬೇಕು, ಅವರಿಗೆ ಕಿವಿ ಚೆನ್ನಾಗಿ ಕೇಳುತ್ತಿದ್ದರೂ ಸರಿಯೆ.